ಹನ್ನೊಂದು ಜನರ ಅರ್ಜಿ

ನನ್ನಕ್ಕನನ್ನು ಚಪ್ಪಲಿ ಕಾರ್ಖಾನೆಗೆ ಸೇರಿಸಿದವಳು ನಾನೇ. ಬಾಗಿಲ ಬಳಿ ಕೂತು ಜೋಡಿ ನೋಡಿ ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸ. ಒಳಕೋಣೆಯಲ್ಲಿ ಅಟ್ಟೆಗೆ ಬ್ರಷ್ಷಿನಿಂದ ಅಂಟು ಬಳಿಯುವುದು ಅವಳದು. ಧೂಳು ಕೂತರೆ ಅಂಟು ಹಿಡಿಯಲ್ಲ ಅಂತ ಅಲ್ಲಿನ ಕಿಟಕಿಗಳು ಯಾವಾಗಲೂ ಮುಚ್ಚಿರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ತಲೆ ಗಿರ್ರೆನ್ನುತ್ತಿತ್ತು. "ಕುಡಿಯದೇ ಅಮಲು, ನಮ್ಮಂಥ ಪುಣ್ಯವಂತರು ಯಾರಿದ್ದಾರೆ?" ಅಂತ ಅಕ್ಕ ನಗಿಸುತ್ತಿದ್ದಳು.

ಎರಡನೇ ವರ್ಷ, ಒಂದು ಸಂಜೆ ಮನೆಗೆ ಬರುವಾಗ ಅವಳ ಒಂದು ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿತ್ತು. ಅವಳಿಗದು ಗೊತ್ತೇ ಆಗಿರಲಿಲ್ಲ. ಅಂಗಾಲಿಗೆ ಗಾಜು ಚುಚ್ಚಿ ರಕ್ತ ಸೋರುತ್ತಿದ್ದರೂ ನಡೆಯುತ್ತಲೇ ಇದ್ದಳು.

ಡಾಕ್ಟರು ನಿಶ್ಶಕ್ತಿ ಅಂದು ಮಾತ್ರೆ ಬರೆದರು. ತಿಂಗಳೊಳಗೆ ಅಕ್ಕ ಗೋಡೆ ಹಿಡಿದು ನಡೆಯತೊಡಗಿದಳು.

ಲೈಬ್ರರಿಯ ಮಹಡಿ ಮೇಲೆ ಒಂದು ಸಂಘವಿತ್ತು. ಕೆಲಸದ ಜಾಗದ ವಿಷಗಳ ಬಗ್ಗೆ ಜನರಿಗೆ ತಿಳಿಹೇಳುವವರು. ರಿಟೈರಾದ ನರ್ಸಮ್ಮ, ಒಬ್ಬರು ಕೆಮಿಸ್ಟ್ರಿ ಮೇಷ್ಟ್ರು, ನಾಲ್ಕು ಕುರ್ಚಿ, ಅಷ್ಟೇ. ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನರ್ಸಮ್ಮ ಅವಳ ಕಾಲು ಮುಟ್ಟಿ ನೋಡಿ, "ಆ ಅಂಟಲ್ಲಿ ಏನಿದೆ?" ಅಂತ ಕೇಳಿದರು.

ಯಾರಿಗೆ ಗೊತ್ತು? ಬಳಿಯುವವರಿಗೆ ಕೊಡುತ್ತಿದ್ದ ಸಣ್ಣ ಡಬ್ಬಗಳ ಮೇಲೆ ಏನೂ ಇರುತ್ತಿರಲಿಲ್ಲ. ಸ್ಟೋರಿನ ದೊಡ್ಡ ಡ್ರಮ್ಮಿನ ಮೇಲೆ ಮಾತ್ರ ಒಂದು ಚೀಟಿಯಿತ್ತು, ನನಗೆ ಬಾರದ ಭಾಷೆಯದು. ಪೆಟ್ಟಿಗೆ ತರುವ ನೆಪದಲ್ಲಿ ಮೂರು ದಿನ ಒಳಗೆ ಹೋಗಿ, ಚಿತ್ರ ಬಿಡಿಸುವ ಹಾಗೆ ಒಂದೊಂದೇ ಅಕ್ಷರವನ್ನು ಅಂಗೈ ಮೇಲೆ ಬರೆದುಕೊಂಡು ಬಂದೆ. ಮೇಷ್ಟ್ರು ಓದಿ ಕನ್ನಡಕ ತೆಗೆದರು.

"ಇದು ನರ ತಿನ್ನುತ್ತಮ್ಮ. ಮುಚ್ಚಿದ ಕೋಣೇಲಿ ಬಳಸಬೇಡಿ ಅಂತ ಇದರಲ್ಲೇ ಬರೆದಿದೆ."

ನರ್ಸಮ್ಮ ಅಂಟು ಬಳಿಯುವ ಹನ್ನೊಂದು ಜನರ ಮನೆಗೂ ಹೋಗಿ, ಯಾರ ನರಕ್ಕೆ ಪೆಟ್ಟಾಗಿದೆ ಅಂತ ತಿಳಿಯಲು ಹಿಮ್ಮಡಿ ಮೇಲೆ ನಡೆಸಿ ನೋಡಿದರು. ಅಕ್ಕನೂ ಸೇರಿ ಐವರಿಗೆ ಆಗಲಿಲ್ಲ. ಆಮೇಲೆ ಎಲ್ಲರನ್ನೂ ಸಂಘಕ್ಕೆ ಕರೆಸಿ, ಸರ್ಕಾರಕ್ಕೆ ಬರೆದ ಅರ್ಜಿಗೆ ಸಹಿ ಹಾಕಿ ಅಂದಾಗ ಮಾತ್ರ ಎಲ್ಲರೂ ಹಿಂದೆ ಸರಿದರು. "ಕಾರ್ಖಾನೆ ಮುಚ್ಚಿದ್ರೆ ಹೊಟ್ಟೆಗೇನು ಮಾಡೋಣ?" ಅಂದಳು ಒಬ್ಬಳು.

"ಮುಚ್ಚಿ ಅಂತ ಕೇಳ್ತಿಲ್ಲಮ್ಮ. ಅಂಟು ಬದಲಾಯಿಸಿ, ಕಿಟಕಿ ತೆಗೀರಿ ಅಂತ ಕೇಳ್ತಿದ್ದೀವಿ," ಅಂದರು ನರ್ಸಮ್ಮ.

ಅಕ್ಕನೇ ಮೊದಲು ಸಹಿ ಹಾಕಿದಳು. ಪೆನ್ನು ಎರಡು ಸಲ ಬೆರಳಿಂದ ಜಾರಿತು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಮುಂದೆ ಬಂದರು.

ಮೂರನೇ ಅರ್ಜಿಗೆ ಅಧಿಕಾರಿಗಳು ಬಂದರು. ಆ ಅಂಟು ಹೋಯಿತು, ಕಿಟಕಿಗಳು ತೆರೆದವು. ನಾಲ್ವರ ಕಾಲಿಗೆ ನಿಧಾನವಾಗಿ ಜೀವ ಬಂತು. ಅಕ್ಕನಿಗೆ ತಡವಾಗಿತ್ತು. ನರ್ಸಮ್ಮ ಮುಚ್ಚಿಡಲಿಲ್ಲ. "ಮೊದಲಿನ ಹಾಗೆ ಆಗಲ್ಲಮ್ಮ. ಆರು ತಿಂಗಳ ಮುಂಚೆ ನಾವೇ ನಿಮ್ಮನ್ನ ಹುಡುಕಿಕೊಂಡು ಬರಬೇಕಿತ್ತು," ಅಂದರು.

ಅವತ್ತು ಮನೆಗೆ ಬಂದು, "ನಾನೇ ಕರ್ಕೊಂಡು ಹೋಗಿ ನಿನ್ನ ಹಾಳು ಮಾಡಿದೆ," ಅಂತ ಅತ್ತುಬಿಟ್ಟೆ.

ಅಕ್ಕ ಗೋಡೆ ಹಿಡಿದು ಬಂದು ನನ್ನ ಪಕ್ಕ ಕೂತಳು. "ಹೌದು ಕಣೇ, ನೀನೇ ಕರ್ಕೊಂಡು ಹೋದೆ. ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಬಾಯಿ ಬಿಡಲಿಲ್ಲ," ಅಂದಳು.

ನಾನಿನ್ನೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ. ಸಂಜೆ ಬಂದು ಅವಳ ಸೊಂಟ ಹಿಡಿದು ನಡೆಸುತ್ತೇನೆ. ನಿನ್ನೆ ಹೊಸ್ತಿಲವರೆಗೆ ಬಂದಳು. ಆಚೆ ಮೂರು ಮೆಟ್ಟಿಲು. ಅವನ್ನೇ ನೋಡುತ್ತ ನಿಂತು, "ಇವತ್ತಿಗೆ ಸಾಕು," ಅಂದಳು.