ಐಸಿನಲ್ಲಿ ಉಳಿದ ನಳಿಕೆಗಳು

ಲ್ಯಾಬಿನಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಐಸಕ್ಕ ಎಂದು. ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದೆ ಆಕೆ ಇದ್ದುದು ಪ್ರೋಟೀನುಗಳ ಲ್ಯಾಬಿನಲ್ಲಿ. ಅಲ್ಲಿ ಏನನ್ನು ಹೊರಗಿಟ್ಟರೂ ಕೆಡುತ್ತಿತ್ತು. ಹಾಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಐಸಿನ ಡಬ್ಬದೊಳಗೆ ತುರುಕುವುದು ಆಕೆಗೆ ರಕ್ತಗತವಾಗಿತ್ತು. ಒಮ್ಮೆ ತನ್ನ ಊಟದ ಡಬ್ಬಿಯನ್ನೂ ಅದರೊಳಗಿಟ್ಟು, ಹಲ್ಲು ಜುಮ್ಮೆನ್ನಿಸಿಕೊಂಡು ತಿಂದಿದ್ದಳು, ಪಾಪ.

ಈ ಲ್ಯಾಬಿನ ಪದ್ಧತಿ ತದ್ವಿರುದ್ಧ. ಇಲ್ಲಿ ನೋಡುವುದು ಸ್ನಾಯುವಿನ ಕೋಶಗಳನ್ನು, ಅವುಗಳೊಳಗಿನ ಸೂಕ್ಷ್ಮನಳಿಕೆಗಳನ್ನು. ಈ ಪುಟಾಣಿ ಕೊಳವೆಗಳು ಕೋಶಕ್ಕೆ ಆಧಾರವೂ ಹೌದು, ಸಾಮಾನು ಸಾಗಿಸುವ ದಾರಿಯೂ ಹೌದು. ಆದರೆ ಚಳಿ ಅವಕ್ಕೆ ಆಗಿಬರುವುದಿಲ್ಲ, ತಣ್ಣಗಾದರೆ ಕಳಚಿ ಚೂರುಚೂರಾಗುತ್ತವೆ. ಆದ್ದರಿಂದ ಕೋಶಗಳನ್ನು ಇದ್ದ ಹಾಗೇ ಹಿಡಿದು ನಿಲ್ಲಿಸುವ ದ್ರಾವಣವನ್ನು ಮೈಬಿಸಿಗೆ ಕಾಯಿಸಿಯೇ ಸುರಿಯಬೇಕು. ಇದಕ್ಕಾಗಿ ಸದಾ ಬಿಸಿನೀರಿನ ತೊಟ್ಟಿಯ ಮುಂದೆ ನಿಂತಿರುತ್ತಿದ್ದ ಹಿರಿಯ ಸಹೋದ್ಯೋಗಿಗೆ ಬಿಸಿನೀರಣ್ಣ ಎಂಬ ಹೆಸರು ಬಿದ್ದಿತ್ತು.

ಎಳೆಯ ಕೋಶದಲ್ಲಿ ನಳಿಕೆಗಳು ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ. ಕೋಶಗಳು ಒಂದಕ್ಕೊಂದು ಬೆಸೆದು ಉದ್ದನೆಯ ಸ್ನಾಯುವಾಗತೊಡಗಿದರೆ ಆ ಬಿಂದುವಿನ ದರ್ಬಾರು ಮುಗಿಯಿತು. ಆಮೇಲೆ ನಳಿಕೆಗಳು ಕೋಶಕೇಂದ್ರಗಳ ಸುತ್ತಲಿಂದ ಹೊರಟು ಉದ್ದಕ್ಕೆ ಸಾಲುಗಟ್ಟುತ್ತವೆ.

"ಇದೆಲ್ಲ ಪುಸ್ತಕದಲ್ಲೇ ಇದೆಯಲ್ಲಮ್ಮ," ಎಂದಿದ್ದರು ಲ್ಯಾಬಿನ ಮುಖ್ಯಸ್ಥೆ ಮೇಡಂ. "ಜಾಗ ಬದಲಾಗತ್ತೆ, ಒಪ್ಪಿದೆ. ಆದ್ರೆ ಬೆಳೀತಾ ಬೆಳೀತಾ ನಳಿಕೆಗಳೇ ಗಟ್ಟಿಯಾಗ್ತವೆ ಅಂತೀಯಲ್ಲ, ಅದನ್ನ ನಮ್ಮ ಕೋಶದಲ್ಲಿ ತೋರಿಸು. ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಯೀಸ್ಟ್ ತಂಡಕ್ಕೆ ಹೋಗು. ಅಲ್ಲಿ ಜನ ಸಾಲ್ತಾ ಇಲ್ಲ."

ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಆ ಯೀಸ್ಟಿನ ಮೇಲೆ ಐಸಕ್ಕನಿಗೆ ದ್ವೇಷವೇನಿಲ್ಲ. ಆದರೆ ಬೆಳೆದ ಸ್ನಾಯುಕೋಶ ತಟ್ಟೆಯಲ್ಲೇ ಮಿಡುಕುವುದನ್ನು ಮೊದಲ ಸಲ ಕಂಡ ದಿನ ಆಕೆ ಅತ್ತೆಗೆ ಫೋನ್ ಮಾಡಿ ಗಳಗಳ ಅತ್ತಿದ್ದಳು. ಅವುಗಳನ್ನು ಬಿಟ್ಟು ಹೋಗಲು ಆಕೆಗೆ ಸುತರಾಂ ಮನಸ್ಸಿರಲಿಲ್ಲ.

ಬುಧವಾರ ಎಳೆಯ ಕೋಶದ ತಟ್ಟೆ, ಬೆಳೆದ ಕೋಶದ ತಟ್ಟೆ ಎರಡನ್ನೂ ಹೊರತೆಗೆದಳು. ಅಷ್ಟರಲ್ಲಿ ಅತ್ತೆಯ ಫೋನು.

"ಅಡುಗೆಮನೆ ನಲ್ಲಿ ಕಿತ್ಕೊಂಡ್ಬಂತು ಕಣೇ! ಬೆರಳಿಟ್ಟು ಹಿಡ್ಕೊಂಡಿದೀನಿ!"

"ಅತ್ತೆ, ಬೆರಳು ಬಿಡಿ, ಹೊರಗಡೆ ವಾಲ್ವ್ ತಿರುಗ್ಸಿ!"

"ಬೆರಳು ಬಿಟ್ರೆ ನೀರು ಬರತ್ತಲ್ಲೇ!"

ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂದು ಹೇಳಿ ಮುಗಿಸುವ ಹೊತ್ತಿಗೆ ಅರ್ಧ ಗಂಟೆಯೇ ಕಳೆದಿತ್ತು. ಮೇಜಿನ ಕಡೆ ತಿರುಗಿದರೆ ತಟ್ಟೆಗಳಿಲ್ಲ. ಎರಡೂ ಐಸಿನ ಡಬ್ಬದಲ್ಲಿ ತಣ್ಣಗೆ ಕೂತಿದ್ದವು. ಮಾತಿನ ಭರದಲ್ಲಿ ಇಟ್ಟವಳು ಆಕೆಯೇ.

"ಅಯ್ಯೋ ಐಸಕ್ಕ!" ಎಂದು ಬಿಸಿನೀರಣ್ಣ ತಲೆ ಚಚ್ಚಿಕೊಂಡ. "ಮುಗೀತು ಕಥೆ. ಹೊಸದು ಬೆಳೆಯೋಕೆ ವಾರದ ಮೇಲೆ ಬೇಕು."

ಆಕೆಗೆ ಅಳುವೇ ಬಂತು. ಆದರೂ ಬರಿಗೈಯಲ್ಲಿ ಮೇಡಂ ಮುಂದೆ ನಿಲ್ಲುವುದಕ್ಕಿಂತ ಹಾಳಾದದ್ದನ್ನೇ ತೋರಿಸೋಣವೆಂದು ದ್ರಾವಣ ಸುರಿದು, ನಳಿಕೆಗಳಿಗೆ ಹೊಳೆಯುವ ಹಸಿರು ಬಣ್ಣ ಹಚ್ಚಿದಳು. ಮರುದಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಎಳೆಯ ಕೋಶಗಳಲ್ಲಿ ಬರೀ ಹಸಿರು ಮಬ್ಬು, ಕಡ್ಡಿಯೂ ಇಲ್ಲ, ಕೊಡೆಯೂ ಇಲ್ಲ. ಬೇಜಾರಿನಿಂದಲೇ ಬೆಳೆದ ಕೋಶಗಳ ತಟ್ಟೆ ಇಟ್ಟಳು.

ಅಲ್ಲಿ ನಳಿಕೆಗಳಿದ್ದವು. ಕೆಲವು ಹೋಗಿದ್ದವು, ನಿಜ. ಆದರೆ ಉಳಿದವು ಕೋಶದ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಂತೆ ಸಾಲಾಗಿ ನಿಂತಿದ್ದವು. ಅದೇ ಐಸು, ಅಷ್ಟೇ ಹೊತ್ತು. ಎಳೆಯವು ಕಳಚಿಹೋಗಿದ್ದವು, ಬೆಳೆದವು ಚಳಿಗೂ ಜಗ್ಗದಷ್ಟು ಗಟ್ಟಿಯಾಗಿದ್ದವು. ಆಕೆ ಕುರ್ಚಿಯಿಂದ ಎದ್ದ ರಭಸಕ್ಕೆ ಬಿಸಿನೀರಣ್ಣನ ಕೈಯ ಚಹಾ ಚೆಲ್ಲಿತು.

ಮೇಡಂ ಬಂದು ಬಹಳ ಹೊತ್ತು ನೋಡಿದರು. ಕಣ್ಣು ತೆಗೆಯದೆಯೇ ಕೇಳಿದರು, "ಐಸಲ್ಲಿಟ್ಟು ಪರೀಕ್ಷೆ ಮಾಡೋ ಯೋಚನೆ ನಿಂದೇನಾ? ಬೇಕು ಅಂತಲೇ ಇಟ್ಟಿದ್ದಾ?"

ಹೌದು ಎಂದುಬಿಟ್ಟರೆ ಯೀಸ್ಟಿನ ಮಾತೇ ಬರುವುದಿಲ್ಲ. ಹೌದೆನ್ನಲು ಬಾಯಿ ತೆರೆದೂ ಇದ್ದಳು. ಬಿಸಿನೀರಣ್ಣ ಪುಣ್ಯಾತ್ಮ, ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದ.

"ಇಲ್ಲ ಮೇಡಂ. ಮನೇಲಿ ನಲ್ಲಿ ಕಿತ್ಕೊಂಡಿತ್ತು. ಫೋನಲ್ಲಿ ಮಾತಾಡ್ತಾ ಮರೆತು ಇಟ್ಟುಬಿಟ್ಟೆ."

ಮೇಡಂ ಕನ್ನಡಕ ತೆಗೆದು ಒರೆಸಿದರು. "ಬೇಕು ಅಂತ ಮಾಡಿದ್ರೆ ನಿನಗೆ ಬೇಕಾದ್ದೇ ನಿನಗೆ ಕಾಣ್ತಿದೆ ಅಂತಿದ್ದೆ. ಈಗ ಸ್ವಲ್ಪ ನಂಬ್ತೀನಿ. ಪೂರ್ತಿ ಅಲ್ಲ. ಇನ್ನೊಂದು ಸಲ ಬೆಳೆಸಿ ಐಸಲ್ಲಿಡು. ಪಕ್ಕದಲ್ಲಿ ಬೆಚ್ಚಗೆ ಇಟ್ಟದ್ದೂ ಇರಲಿ."

"ಸ್ನಾಯುವಿನ ಕೋಶಾನೇನಾ ಮೇಡಂ?"

"ಮತ್ತೆ? ಯೀಸ್ಟ್ ಬೆಳೆಸ್ತೀಯಾ?"