ಹುಲ್ಲಂಗಳದ ಎರಡು ಫಲಕ

ಅಮಾರೊ ತಳ್ಳುತ್ತಿದ್ದ ಹುಲ್ಲು ಕತ್ತರಿಸುವ ಯಂತ್ರ ಮನೆಯಂಗಳದಲ್ಲಿ ನೆಟ್ಟಿದ್ದ ಎರಡು ಪ್ರಚಾರ ಫಲಕಗಳ ಎದುರು ನಿಂತಿತು. ‘ಬೇಡ’ ಎನ್ನುವುದು ಅಮಾರೊನದು. ‘ಬೇಕು’ ಎನ್ನುವುದು ಹೆಂಡತಿ ಡಿಯೊಲಿಂಡಳದು. ಬೀದಿದೀಪ, ಕಸ, ಪಾರ್ಕಿನ ಕಾವಲಿಗೆಂದು ಕೊಳ್ಳುವ ಸಾಮಾನಿನ ಮೇಲೆ ಡಾಲರಿಗೆ ಅರ್ಧ ಸೆಂಟು ಹೆಚ್ಚು ತೆರಿಗೆ ಕೊಡುವುದೋ ಬಿಡುವುದೋ ಎಂದು ಮಂಗಳವಾರ ಊರೇ ಮತ ಹಾಕಬೇಕಿತ್ತು. ಜೀವಮಾನವೆಲ್ಲ ಹೈನು ನಡೆಸಿದ ಅಮಾರೊ ಒದೆಯುವ ಹಸುವನ್ನಾದರೂ ನಂಬಿಯಾನು, ನಗರಸಭೆಯನ್ನು ನಂಬುವವನಲ್ಲ. ಈವರೆಗೆ ಯಾವ ತೆರಿಗೆಗೂ ಹೂಂ ಅಂದವನಲ್ಲ.

ಟಪಾಲಿನ ರೋಸೆಂಡೊ ಬೇಲಿಗೆ ಮೊಣಕೈ ಊರಿದ. “ಏನ್ ಯಜಮಾನ್ರೇ, ಒಲೆ ಇನ್ನೂ ಒಂದೇನಾ, ಅದೂ ಪಾಲಾಯ್ತಾ?”

“ಅವಳು ಸೂಪು ಮಾಡ್ತಾಳೆ, ನಾನು ಉಪ್ಪು ಕಮ್ಮಿ ಅಂತೀನಿ. ಮದುವೆಯಾದಾಗಿಂದ ಇದೇ ಚುನಾವಣೆ.”

“ಒಂದ್ಸಲನಾದ್ರೂ ಗೆದ್ರಾ?”

“ಹೋಗಯ್ಯ, ಕಾಗದ ಹಂಚು ಹೋಗು.”

ಅಷ್ಟರಲ್ಲಿ ಡಿಯೊಲಿಂಡಾ ನಡಿಗೆಯ ಬೂಟು ಬಿಗಿದುಕೊಂಡು ಗೇಟಿನ ತನಕ ಬಂದಳು. ಎದುರಿನ ಪಾರ್ಕನ್ನು ನೋಡುತ್ತ ನಿಂತಳು. ಚಳಿಗಾಲದಲ್ಲಿ ಅಲ್ಲಿ ದೀಪವಿಲ್ಲದ ತಿರುವಿನಲ್ಲಿ ಯಾರೋ ಅವಳ ಚೀಲ ಕಿತ್ತುಕೊಂಡು ಓಡಿದ್ದರು. ಆಮೇಲೆ ಅವಳು ಅತ್ತ ಹೋಗಿರಲಿಲ್ಲ. ಆದರೆ ದಿನಾ ಬೂಟು ಹಾಕಿಕೊಂಡು ಗೇಟಿನ ತನಕ ಬರುವುದನ್ನು ಬಿಟ್ಟಿಲ್ಲವೆಂದು ಅಮಾರೊನಿಗೆ ಈವರೆಗೆ ಗೊತ್ತಿರಲಿಲ್ಲ. ದಿನಾ ಈ ಹೊತ್ತಿಗೆ ಅವನು ಕಾಫಿ ಅಂಗಡಿಯಲ್ಲಿ ತೆರಿಗೆಯ ವಿರುದ್ಧ ಭಾಷಣ ಮಾಡುತ್ತಿರುತ್ತಿದ್ದ.

“ನಡಿ, ನಾನೂ ಬರ್ತೀನಿ.”

“ದಾರಿಯುದ್ದ ನಗರಸಭೆಗೆ ಬೈಗುಳ ಕೇಳೋಕಾ? ನಂಗೆ ಒಬ್ಬಳೇ ನಡೀಬೇಕು ಅಮಾರೊ. ಮುಂಚಿನ ಹಾಗೆ.”

“ಆ ಅರ್ಧ ಸೆಂಟನ್ನ ಅವರು ನುಂಗಿ ನೀರು ಕುಡೀತಾರೆ ನೋಡ್ತಿರು.”

“ಕುಡೀಲಿ. ಅರ್ಧದಲ್ಲಿ ಅರ್ಧ ನುಂಗಿದ್ರೂ ಒಂದು ದೀಪ ಉರಿಯತ್ತಲ್ಲ.”

ಅವಳು ಒಳಗೆ ಹೋದಳು. ಅಮಾರೊ ಎರಡೂ ಫಲಕ ಕಿತ್ತು ಹುಲ್ಲು ಕತ್ತರಿಸಿ ಮುಗಿಸಿದ. ಅವಳದನ್ನು ರಸ್ತೆಯಂಚಿಗೆ ಒಯ್ದು, ಸುತ್ತಿಗೆಯಿಂದ ಬಡಿದು ನೆಟ್ಟು, ಕೊಟ್ಟಿಗೆಯ ಗೂಟ ನೋಡುವಂತೆ ಅಲ್ಲಾಡಿಸಿ ನೋಡಿದ. ತನ್ನದನ್ನು ಕೈಯಲ್ಲಿ ಹಿಡಿದು ಕೊಂಚ ಹೊತ್ತು ನಿಂತ. ಎಸೆಯಲು ಮನಸ್ಸಾಗಲಿಲ್ಲ. ಕೊನೆಗೆ ಜಗಲಿಯ ಬುಡದಲ್ಲಿ, ತಾನು ಕೂರುವ ಕುರ್ಚಿಯ ಕಡೆಗೆ ಮುಖ ಮಾಡಿ ನೆಟ್ಟ.

ಅಡುಗೆಮನೆಯ ಕಿಟಕಿ ತೆರೆದು ಒಂದು ಚಮಚ ಹೊರಬಂತು. “ಉಪ್ಪು ನೋಡು.”

ಅವನು ಕುಡಿದು ತುಟಿ ಒರೆಸಿಕೊಂಡ. ಈ ಸಲ ಕಮ್ಮಿ ಅನ್ನಲಿಲ್ಲ.

ಬಾಗಿಲ ಬಳಿ ಅವಳ ಬೂಟುಗಳು ರಸ್ತೆಯತ್ತ ಮೂತಿ ಮಾಡಿಕೊಂಡು ಕೂತಿದ್ದವು.