ಗುದ್ದಣ್ಣ ಸುಮ್ಮನೆ ಕೂತದ್ದು

ಗುದ್ದಣ್ಣ ಎಂಬ ಹೆಸರನ್ನು ಅವನಿಗೆ ಕೊಟ್ಟವರು ಮುಂದಿನ ಬೆಂಚಿನ ಪ್ರೇಕ್ಷಕರು. ಒಂದು ಕಾಲಕ್ಕೆ ಅವನು ಪರದೆಯ ಮೇಲೆ ಅಂಗಿಯ ತೋಳು ಮಡಚಿದರೆ ಸಾಕು, ಚಿತ್ರಮಂದಿರದ ಸೂರು ಹಾರಿಹೋಗುವಂತೆ ಶಿಳ್ಳೆ ಬೀಳುತ್ತಿತ್ತು. ಪತ್ರಿಕೆಯವರದು ಮಾತ್ರ ಬೇರೆ ರಾಗ. ಹೊಡೆಯುವ ಮುಂಚೆ, ಹೊಡೆಯುವಾಗ, ಹೊಡೆದ ಮೇಲೆ, ಮೂರಕ್ಕೂ ಈತನದು ಒಂದೇ ಮುಖ ಎಂದು ಒಬ್ಬ ವಿಮರ್ಶಕ ಬರೆದಿದ್ದ. ಗುದ್ದಣ್ಣ ಅದನ್ನು ಓದಿ ನಕ್ಕಿದ್ದ. ನಕ್ಕರೂ ಆ ಮಾತು ಗಂಟಲಿಗೆ ಸಿಕ್ಕ ಮುಳ್ಳಿನಂತೆ ಉಳಿದೇಬಿಟ್ಟಿತ್ತು.

ಈಗ ಅವನಿಗೆ ಎಪ್ಪತ್ತರ ಹತ್ತಿರ. ಕರೆಯುವವರಿಲ್ಲದೆ ವರ್ಷಗಳೇ ಕಳೆದಿದ್ದವು. ಅಂಥದ್ದರಲ್ಲಿ ಒಬ್ಬ ಯುವ ನಿರ್ದೇಶಕಿ ಮನೆ ಹುಡುಕಿಕೊಂಡು ಬಂದಳು. ಚಿಕ್ಕವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಅವನ ಚಿತ್ರಗಳನ್ನೆಲ್ಲ ನೋಡಿದ್ದಳಂತೆ. ಅವಳು ತಂದ ಪಾತ್ರ ಒಬ್ಬ ತಂದೆಯದು. ಮಗನನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದಿದ್ದಾರೆ, ಅಪ್ಪ ಹೊರಗೆ ಬೆಂಚಿನ ಮೇಲೆ ಕಾಯುತ್ತಾನೆ. ಮಾತಿಲ್ಲ, ಹೊಡೆದಾಟವಿಲ್ಲ, ಕೂತರೆ ಆಯಿತು. ಗುದ್ದಣ್ಣ ಹಿಂದೆಮುಂದೆ ನೋಡದೆ ಒಪ್ಪಿಕೊಂಡ.

ಕೂರುವುದು ಎಷ್ಟು ಕಷ್ಟ ಎಂದು ಅವನಿಗೆ ಗೊತ್ತಾದದ್ದು ಚಿತ್ರೀಕರಣದ ಮೊದಲ ದಿನ. ಕ್ಯಾಮೆರಾ ಓಡತೊಡಗಿದ ಕೂಡಲೇ ದವಡೆ ತಾನಾಗಿ ಬಿಗಿಯಿತು, ಮುಷ್ಟಿ ಕಟ್ಟಿಕೊಂಡಿತು. ಏನೂ ಮಾಡಬೇಡಿ ಎಂದಳು ನಿರ್ದೇಶಕಿ. ಮುಷ್ಟಿ ಬಿಟ್ಟರೆ ಮೊಣಕಾಲು ಕುಣಿಯಿತು. ಮೊಣಕಾಲು ಹಿಡಿದರೆ ಕಣ್ಣು ಎತ್ತಲೋ ಓಡಿತು. ಊಟದ ಹೊತ್ತಿಗೆ ಅವನ ಅಂಗಿ ಬೆವರಿಗೆ ಮೈಗಂಟಿತ್ತು. ದೀಪದ ಕಂಬದ ಹಿಂದೆ ಯಾರೋ, ಇದರ ಬದಲು ಒಂದು ಮರದ ದಿಮ್ಮಿ ಇಟ್ಟಿದ್ದರೂ ಚೆನ್ನಾಗಿ ಕೂರುತ್ತಿತ್ತು ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಸಂಜೆ ನಿರ್ದೇಶಕಿ ನಾಳೆ ನೋಡೋಣ ಸರ್ ಎಂದಷ್ಟೇ ಹೇಳಿದಳು. ಅವಳು ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಚ್ಚದೆ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡತೊಡಗಿದ. ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಹಿಂದೆ ಸ್ಟುಡಿಯೋದಲ್ಲಿ ದರ್ಜಿಯಾಗಿದ್ದವಳು ಅವಳು. ಅವನ ಕೋಟುಗಳ ಒಳಗೆ, ಬಿದ್ದರೆ ನೋವಾಗದಂತೆ ಹತ್ತಿ ತುಂಬಿ ಹೊಲಿಯುತ್ತಿದ್ದಳು.

“ಕೂತ್ಕೊಳ್ಳಿ ರೀ, ನನಗೆ ತಲೆ ಸುತ್ತುತ್ತೆ.”

“ಅದೊಂದು ಬಂದಿದ್ರೆ ಇವತ್ತು ಮರ್ಯಾದೆ ಉಳೀತಿತ್ತು ಕಣೇ.”

ಪಾತ್ರ ಬೇಡವೆಂದು ಹೇಳಿಬಿಡುತ್ತೇನೆ, ಆ ವಿಮರ್ಶಕ ಸರಿಯಾಗಿಯೇ ಬರೆದಿದ್ದ ಎಂದೆಲ್ಲ ಅವನು ಗೊಣಗಿದ. ಅವಳು ದಾರ ಕಡಿದು, ನನ್ನನ್ನು ಕೇಳಬೇಡಿ, ನಿಮ್ಮ ಕೈಯಲ್ಲಿ ಏಟು ತಿಂದವನನ್ನು ಕೇಳಿ ಎಂದಳು.

ಏಟು ತಿಂದವನೆಂದರೆ ಬೋಳ. ಗುದ್ದಣ್ಣನ ಹೆಚ್ಚುಕಮ್ಮಿ ಎಲ್ಲ ಚಿತ್ರಗಳಲ್ಲೂ ಗಾಜು ಒಡೆದುಕೊಂಡು ಬೀಳುತ್ತಿದ್ದ ಖಳ. ಈಗ ಪೇಟೆಯ ಮೂಲೆಯಲ್ಲಿ ಕೀಲಿಕೈ ಮಾಡುವ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ಗುದ್ದಣ್ಣ ಹೋದಾಗ ಅವನು ಒಂದು ಹಿತ್ತಾಳೆ ಕೀಲಿಯನ್ನು ಅರದಿಂದ ಉಜ್ಜುತ್ತಿದ್ದ. ಒಂದು ಮೊಣಕಾಲು ಊದಿ, ಕಾಲು ನೀಡಿಕೊಂಡೇ ಕೂತಿದ್ದ. ಗುದ್ದಣ್ಣ ನಿಂತಲ್ಲಿ ನಿಲ್ಲದೆ, ಗೋಡೆಗೆ ತೂಗುಹಾಕಿದ್ದ ಕೀಲಿಗಳನ್ನು ಒಂದೊಂದಾಗಿ ಮುಟ್ಟುತ್ತ, ಹಿಂದಿನ ದಿನ ನಡೆದದ್ದನ್ನು ಹೇಳಿದ. ಕೊನೆಗೆ ಕೇಳಿಯೇಬಿಟ್ಟ.

“ನಿಜ ಹೇಳೋ. ನನಗೆ ನಟನೆ ಬರ್ತಿತ್ತಾ?”

ಬೋಳ ಅರ ಕೆಳಗಿಟ್ಟ. “ನಟನೆ ಗಿಟನೆ ನನಗೆ ಗೊತ್ತಿಲ್ಲಣ್ಣ. ನಿನ್ನ ಗುದ್ದು ಒಂದಿನಾನೂ ನನಗೆ ತಾಗಿಲ್ಲ. ಆದ್ರೆ ಗುದ್ದೋಕೆ ಮುಂಚೆ ನನ್ನನ್ನೇ ನೋಡ್ತಿದ್ದೆ ನೋಡು, ಎಲ್ಲಿ ಇವನಿಗೆ ಪೆಟ್ಟಾಗುತ್ತೋ ಅಂತ, ಆ ಮುಖ. ಜನ ಅದನ್ನ ಸಿಟ್ಟು ಅಂದ್ಕೊಂಡ್ರು. ನನಗೆ ಗೊತ್ತು, ಅದು ಭಯ. ಅದನ್ನ ನೋಡಿದ್ರೆ ನನಗೂ ಎದೆ ಝಲ್ ಅಂತಿತ್ತು. ನಾನು ಬೀಳ್ತಿದ್ದದ್ದು ಅದಕ್ಕೇ.”

ಗುದ್ದಣ್ಣ ಗೋಡೆಯ ಕೀಲಿಗಳಿಂದ ಕೈ ತೆಗೆದ. ಅಂಗಡಿಯ ಬಾಗಿಲೆಳೆದು ತನ್ನ ಜೊತೆ ಬರುವಂತೆ ಬೋಳನನ್ನು ಒತ್ತಾಯಿಸಿದ. ಕುರ್ಚಿಯಾದರೂ ಕೊಡುತ್ತಾರೇನು ಎಂದು ಗೊಣಗುತ್ತಲೇ ಬೋಳ ಹೊರಟ.

ಕುರ್ಚಿ ಯಾರೂ ಕೊಡಲಿಲ್ಲ. ಗುದ್ದಣ್ಣ ಕೇಳಿಕೊಂಡಂತೆ ನಿರ್ದೇಶಕಿ ಬೋಳನನ್ನು ಅವನ ಕಣ್ಣಿಗೆ ನೇರವಾಗಿ ಕಾಣುವಂತೆ ಕ್ಯಾಮೆರಾದ ಪಕ್ಕದಲ್ಲಿ ನಿಲ್ಲಿಸಿದಳು, ಅಷ್ಟೆ. ಮೊದಲ ಸಲ ಎಂದಿನಂತೆ ದವಡೆ ಬಿಗಿಯಿತು. ಎರಡನೆಯ ಸಲವೂ ಅದೇ ಕತೆ. ಯಾರೋ ಗಡಿಯಾರ ನೋಡಿಕೊಂಡರು. ಮತ್ತೆ ಶುರುವಾದಾಗ ಬೋಳನಿಗೆ ನಿಂತೂ ನಿಂತೂ ಕಾಲು ಸೋತಿತ್ತು. ಊದಿದ ಕಾಲನ್ನು ಮೆಲ್ಲಗೆ ಎತ್ತಿ, ಭಾರವನ್ನು ಇನ್ನೊಂದರ ಮೇಲೆ ಹಾಕಿ, ಹಿಡಿದುಕೊಳ್ಳಲು ಏನಾದರೂ ಸಿಗುವುದೇ ಎಂದು ಕೈ ಚಾಚಿದ. ಏನೂ ಸಿಗಲಿಲ್ಲ. ಗುದ್ದಣ್ಣ ಅದನ್ನು ನೋಡಿದ. ಶಬ್ದವಾದರೆ ಚಿತ್ರೀಕರಣ ಕೆಡುತ್ತದೆಂದು ಬೋಳ ತುಟಿ ಕಚ್ಚಿ ತಡೆದುಕೊಂಡಿದ್ದನ್ನೂ ನೋಡಿದ. ಕರೆಯುವಂತಿಲ್ಲ, ಏಳುವಂತಿಲ್ಲ. ಬೆಂಚಿನ ಅಂಚನ್ನು ಹಿಡಿದಿದ್ದ ಅವನ ಬೆರಳುಗಳು ಸಡಿಲವಾದವು, ಬಾಯಿ ಅರೆ ತೆರೆಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಬೋಳ ಓಲಾಡಿದ್ದೇ ತಡ, ಎದ್ದು ಓಡಿ ಅವನ ರಟ್ಟೆ ಹಿಡಿದ.

ದೃಶ್ಯ ಕೆಡಿಸಿದೆ ತಾಯಿ, ತಪ್ಪಾಯ್ತು ಎಂದ. ನಿರ್ದೇಶಕಿ ಬೋಳನಿಗೆ ತನ್ನ ಕುರ್ಚಿಯನ್ನೇ ಎಳೆದು ಹಾಕಿ, ಸಿಕ್ಕಿತು ಸರ್, ಇನ್ನೊಮ್ಮೆ ತೆಗೆಯಬೇಕಾಗಿಲ್ಲ ಎಂದಳು.

ಚಿತ್ರ ತೆರೆಕಂಡ ದಿನ ಗುದ್ದಣ್ಣ, ಹೆಂಡತಿ, ಬೋಳ ಮೂವರೂ ಹಿಂದಿನ ಸಾಲಿನಲ್ಲಿ ಕೂತು ನೋಡಿದರು. ಗುದ್ದಣ್ಣನ ಮುಖ ಕಂಡ ಕೂಡಲೇ ಹಳಬರು ಕೆಲವರು ಶಿಳ್ಳೆ ಹಾಕಿದರು. ಗುದ್ದು ಯಾರಿಗೆ ಬೀಳುತ್ತದೋ ಎಂದು ಕಾದರು. ಬೆಂಚಿನ ದೃಶ್ಯ ಬಂತು. ಶಿಳ್ಳೆ ನಿಂತಿತು. ಒಬ್ಬ ಆಕಳಿಸುತ್ತ ಎದ್ದು ಹೋದ. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದಲ್ಲಿದ್ದ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗುದ್ದಣ್ಣನಿಗೆ ಸಮಾಧಾನವಾಗಲಿಲ್ಲ. ತಾನು ಮಾಡಿದ್ದು ನಟನೆಯೋ, ಅಥವಾ ಒಬ್ಬ ಗೆಳೆಯನ ಕಾಲುನೋವು ಕಂಡು ಕಳವಳಪಟ್ಟದ್ದೋ? ಕತ್ತಲಲ್ಲಿ ಹೆಂಡತಿಯತ್ತ ವಾಲಿ ಅದನ್ನೇ ಕೇಳಿದ.

“ನನ್ನ ಹೆರಿಗೆ ದಿನ ನೀವು ಹೀಗೇ ಕೂತಿದ್ರಂತೆ, ನಿಮ್ಮಮ್ಮ ಹೇಳಿದ್ರು,” ಎಂದಳು ಅವಳು. “ಸುಮ್ಮನೆ ನೋಡಿ ಈಗ.”

ಅವನು ನೋಡಲು ಪ್ರಯತ್ನಿಸಿದ. ದೃಶ್ಯ ಮುಗಿಯುವ ಮೊದಲೇ ಎದ್ದು ಮೊಗಸಾಲೆಗೆ ಹೋಗಿ, ಚಿತ್ರ ಮುಗಿಯುವವರೆಗೂ ಅಲ್ಲೇ ಶತಪಥ ತಿರುಗುತ್ತಿದ್ದ.